ಮೋಟರ್‌ಹೋಮ್ ಬಾಡಿಗೆಗೆ ಕೊಟ್ಟರೆ ಅದರ ಖರ್ಚಿನಲ್ಲಿ ಎಷ್ಟು ತೀರುತ್ತದೆ?

ಕೋವಿಡ್ ಕಾಲದಲ್ಲಿ ವಿಮಾನ ಹತ್ತಲು, ಹೋಟೆಲಿನಲ್ಲಿ ತಂಗಲು ಹೆದರಿದ ಅಮೆರಿಕದ ಕುಟುಂಬಗಳು, ಅಡುಗೆಮನೆ, ಹಾಸಿಗೆ, ಶೌಚಾಲಯ ಎಲ್ಲವನ್ನೂ ಒಳಗಿಟ್ಟುಕೊಂಡು ಓಡಾಡುವ ವಾಹನಗಳನ್ನು ಮುಗಿಬಿದ್ದು ಕೊಂಡವು. ಅಲ್ಲಿನ ಆರ್‌ವಿ (ರಿಕ್ರಿಯೇಷನಲ್ ವೆಹಿಕಲ್, ಅಂದರೆ ಇಂಥ ವಿಹಾರ ವಾಹನ) ಉದ್ಯಮ ಸಂಘದ ಲೆಕ್ಕದಂತೆ 2021ರಲ್ಲಿ ಕಾರ್ಖಾನೆಗಳಿಂದ ಮಾರಾಟಗಾರರ ಅಂಗಳಕ್ಕೆ ಹೋದ ಇಂಥ ವಾಹನಗಳು 6 ಲಕ್ಷಕ್ಕೂ ಹೆಚ್ಚು. ಆ ಉದ್ಯಮ ಅದುವರೆಗೆ ಕಾಣದ ದಾಖಲೆ ಅದು. 2023ರಲ್ಲಿ ಈ ಸಂಖ್ಯೆ ಸುಮಾರು 3.13 ಲಕ್ಷಕ್ಕೆ ಇಳಿಯಿತು. ಈ ನಡುವೆ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್, 2022ರ ಮಾರ್ಚ್‌ವರೆಗೆ ಸೊನ್ನೆಯ ಆಸುಪಾಸಿನಲ್ಲಿದ್ದ ಬಡ್ಡಿದರವನ್ನು 2023ರ ಜುಲೈ ಹೊತ್ತಿಗೆ ಶೇ 5.25ರಿಂದ 5.5ರ ಮಟ್ಟಕ್ಕೆ ಏರಿಸಿತ್ತು. ಸಾಲ ದುಬಾರಿಯಾದಂತೆ ಹೊಸ ಗಿರಾಕಿಗಳು ಕಡಿಮೆಯಾದರು, ಹಳೆಯ ವಾಹನಗಳ ಬೆಲೆಯೂ ಜಾರಿತು. ದುಬಾರಿ ಕಾಲದಲ್ಲಿ ಕೊಂಡವರು ಈಗ ಮಾರಲು ಹೋದರೆ ಸಾಲದ ಬಾಕಿಯಷ್ಟೂ ಕೈಗೆ ಬಾರದಿರಬಹುದು. ಮಾರದೆ ಇಟ್ಟುಕೊಂಡರೆ ತಿಂಗಳು ತಿಂಗಳೂ ಕಂತು ತಪ್ಪುವುದಿಲ್ಲ.

ಹೀಗೆ ನಡುವೆ ಸಿಕ್ಕಿಕೊಂಡವರ ಕಿವಿಗೆ ಬೀಳುವ ಸಲಹೆ ಒಂದೇ: ಸುಮ್ಮನೆ ನಿಂತಿರುವ ದಿನಗಳಲ್ಲಿ ವಾಹನವನ್ನು ಬೇರೆಯವರಿಗೆ ಬಾಡಿಗೆಗೆ ಕೊಡಿ, ಅದರ ಖರ್ಚನ್ನು ಅದೇ ದುಡಿದುಕೊಳ್ಳುತ್ತದೆ. ಕ್ಯಾಲಿಫೋರ್ನಿಯಾ, ಟೆಕ್ಸಸ್, ನ್ಯೂಜೆರ್ಸಿಗಳಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಿಗೂ ಈ ಸಲಹೆ ಹೊಸದೇನಲ್ಲ. ಸಲಹೆಯಲ್ಲಿ ನಿಜವಿದೆ, ಆದರೆ ಅರ್ಧ ನಿಜ ಮಾತ್ರ. ಬಾಡಿಗೆಯಿಂದ ಬರುವ ಹಣ ಮಾಲೀಕತ್ವದ ಖರ್ಚಿನಲ್ಲಿ ಒಂದು ಪಾಲನ್ನು ಇಳಿಸಬಲ್ಲದು. ಇಡೀ ಖರ್ಚನ್ನು ಅಳಿಸುವುದು ತೀರ ಅಪರೂಪ. ಹಾಗೇಕೆ ಎಂಬುದು ತಿಳಿಯಬೇಕಾದರೆ ವಾಹನ, ಖರ್ಚು, ಬಾಡಿಗೆಯ ವ್ಯವಸ್ಥೆ, ವಿಮೆ, ತೆರಿಗೆ ಇವುಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು.

ಯಾವ ವಾಹನ, ಯಾರಿಗೆ

ಚಿತ್ರೀಕರಣದ ಜಾಗದಲ್ಲಿ ನಟನಟಿಯರಿಗೆ ನಿಲ್ಲಿಸಿರುವ ಕ್ಯಾರವಾನನ್ನು ಕಂಡವರಿಗೆ ಮೋಟರ್‌ಹೋಮಿನ ಕಲ್ಪನೆ ಅರ್ಧ ಇದ್ದೇ ಇರುತ್ತದೆ. ಅಮೆರಿಕದಲ್ಲಿ ಇವನ್ನು ಮೂರು ವರ್ಗ ಮಾಡಿದ್ದಾರೆ. ದೊಡ್ಡ ಬಸ್ಸಿನಂತೆ ಕಾಣುವುದು ‘ಎ’ ವರ್ಗ. ಮರ್ಸಿಡಿಸ್ ಸ್ಪ್ರಿಂಟರ್, ರಾಮ್ ಪ್ರೊಮಾಸ್ಟರ್‌ನಂಥ ವ್ಯಾನಿನ ಒಳಗನ್ನೇ ಮನೆಯಾಗಿಸಿದ್ದು ‘ಬಿ’ ವರ್ಗ. ಫೋರ್ಡ್ ಇ-450ಯಂಥ ಟ್ರಕ್ಕಿನ ಮುಂಭಾಗವನ್ನು ಹಾಗೇ ಉಳಿಸಿಕೊಂಡು, ಹಿಂದೆ ಮನೆಯ ಪೆಟ್ಟಿಗೆಯನ್ನು ಕೂರಿಸಿ, ಚಾಲಕನ ತಲೆಯ ಮೇಲೊಂದು ಹಾಸಿಗೆಯನ್ನೂ ಚಾಚಿಸಿದ್ದು ‘ಸಿ’ ವರ್ಗ. ಇವಲ್ಲದೆ ಎಂಜಿನ್ ಇಲ್ಲದ, ಬೇರೆ ವಾಹನ ಎಳೆದೊಯ್ಯುವ ಟ್ರೇಲರುಗಳೂ ಇವೆ. ಇವೆಲ್ಲಕ್ಕೂ ಸೇರಿ ಆರ್‌ವಿ ಎಂಬ ಹೆಸರು.

ಬಾಡಿಗೆಗೆ ಅನುಕೂಲವಾಗಿರುವುದು ‘ಸಿ’ ವರ್ಗ. ಇಬ್ಬರು ಮಕ್ಕಳೂ ಅಜ್ಜ ಅಜ್ಜಿಯರೂ ಇರುವ ಸಂಸಾರ ಅದರಲ್ಲಿ ಮಲಗಬಹುದು, ಸಾಮಾನ್ಯ ಕಾರಿನ ಲೈಸೆನ್ಸಿನಲ್ಲೇ ಓಡಿಸಬಹುದು, ಮುಂದಿನ ಆಸನದಲ್ಲಿ ಕೂತರೆ ಮಾಮೂಲಿ ವ್ಯಾನಿನಲ್ಲಿ ಕೂತಂತೆಯೇ ಇರುತ್ತದೆ. ‘ಎ’ ವರ್ಗದ ವಾಹನವನ್ನು ಮೊದಲ ಸಲ ಓಡಿಸುವವರ ಕೈಗೆ ಕೊಡುವ ಧೈರ್ಯ ಮಾಲೀಕರಿಗೂ ಕಡಿಮೆ, ತೆಗೆದುಕೊಳ್ಳುವ ಧೈರ್ಯ ಬಾಡಿಗೆದಾರರಿಗೂ ಕಡಿಮೆ. ಮುಂದಿನ ಲೆಕ್ಕಗಳನ್ನೆಲ್ಲ ಆದ್ದರಿಂದ ‘ಸಿ’ ವರ್ಗವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಲಾಗಿದೆ.

ನಿಂತಲ್ಲೇ ಆಗುವ ಖರ್ಚು

ಉಳುಮೆಯಿಲ್ಲದ ದಿನವೂ ಎತ್ತಿನ ಜೋಡಿಗೆ ಮೇವು ಹಾಕಲೇಬೇಕು. ಮೋಟರ್‌ಹೋಮಿನ ಖರ್ಚೂ ಬಹುಪಾಲು ಅದೇ ಬಗೆಯದು. ಓಡಲಿ ಬಿಡಲಿ, ಸಾಲದ ಕಂತು, ವಿಮೆ, ನಿಲುಗಡೆಯ ಬಾಡಿಗೆ, ನೋಂದಣಿ ಶುಲ್ಕ ಇವು ನಿಲ್ಲುವುದಿಲ್ಲ. ಅಮೆರಿಕದ ಅನೇಕ ಬಡಾವಣೆಗಳ ನಿವಾಸಿಗಳ ಸಂಘಗಳು ಇಷ್ಟು ದೊಡ್ಡ ವಾಹನವನ್ನು ಮನೆಯ ಮುಂದೆ ನಿಲ್ಲಿಸಲು ಬಿಡುವುದಿಲ್ಲವಾದ್ದರಿಂದ ಊರ ಹೊರಗಿನ ನಿಲುಗಡೆಯ ಅಂಗಳದಲ್ಲಿ ತಿಂಗಳ ಬಾಡಿಗೆ ಕೊಟ್ಟು ಇಡಬೇಕಾಗುತ್ತದೆ. ಚಳಿ ಪ್ರದೇಶದಲ್ಲಿದ್ದರೆ ಹಿಮಗಾಲಕ್ಕೆ ಮುಂಚೆ ಕೊಳವೆಗಳ ನೀರನ್ನೆಲ್ಲ ಬಸಿದು, ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವವನ್ನು ತುಂಬಬೇಕು. ಮರೆತರೆ ನೀರು ಹೆಪ್ಪುಗಟ್ಟಿ ಕೊಳವೆಗಳು ಸೀಳುತ್ತವೆ.

ಒಂದು ಮಾದರಿ ಲೆಕ್ಕ ಮಾಡೋಣ. ಇವು ಯಾವುದೋ ಸಮೀಕ್ಷೆಯ ಅಂಕಿಗಳಲ್ಲ, ಲೆಕ್ಕದ ದಾರಿ ತೋರಿಸಲು ಇಟ್ಟುಕೊಂಡ ಅಂದಾಜುಗಳು. ಓದುಗರು ತಮ್ಮ ಅಂಕಿಗಳನ್ನು ಇವುಗಳ ಜಾಗದಲ್ಲಿಟ್ಟು ನೋಡಬೇಕು. ಕೆಲವು ವರ್ಷ ಹಳೆಯದಾದ ‘ಸಿ’ ವರ್ಗದ ವಾಹನವನ್ನು 80,000 ಡಾಲರಿಗೆ ಕೊಂಡು, 20,000 ಡಾಲರ್ ಕೈಯಿಂದ ಕೊಟ್ಟು, ಉಳಿದ 60,000 ಡಾಲರನ್ನು ಶೇ 8ರ ಬಡ್ಡಿಗೆ 15 ವರ್ಷದ ಸಾಲವಾಗಿ ತೆಗೆದುಕೊಂಡಿದ್ದಾರೆ ಎಂದಿಟ್ಟುಕೊಳ್ಳೋಣ. ತಿಂಗಳ ಕಂತು ಸುಮಾರು 573 ಡಾಲರ್, ಅಂದರೆ ವರ್ಷಕ್ಕೆ 6,880. ವಿಮೆಗೆ 1,500, ನಿಲುಗಡೆಗೆ 1,800, ದುರಸ್ತಿಗೂ ಟೈರುಗಳಿಗೂ ಸರಾಸರಿ 2,000, ನೋಂದಣಿಗೆ 500 ಸೇರಿಸಿದರೆ ವರ್ಷಕ್ಕೆ ಕೈಯಿಂದ ಹೋಗುವ ಹಣ 12,680 ಡಾಲರ್.

ಇಷ್ಟಕ್ಕೇ ಲೆಕ್ಕ ಮುಗಿಯುವುದಿಲ್ಲ. ವರ್ಷ ಕಳೆದಂತೆ ವಾಹನದ ಬೆಲೆ ತಗ್ಗುವುದನ್ನು ಸವಕಳಿ ಎನ್ನುತ್ತಾರೆ. ಕೈಯಿಂದ ಪ್ರತಿ ತಿಂಗಳು ಹೋಗದ ಕಾರಣ ಇದು ಕಣ್ಣಿಗೆ ಬೀಳುವುದಿಲ್ಲ, ಮಾರುವ ದಿನ ಒಟ್ಟಿಗೇ ಎದುರಾಗುತ್ತದೆ. ನಮ್ಮ ಮಾದರಿಯಲ್ಲಿ ಅದನ್ನು ವರ್ಷಕ್ಕೆ 6,000 ಡಾಲರ್ ಎಂದು ಹಿಡಿಯೋಣ. ಮೊದಲ ವರ್ಷದ ಕಂತುಗಳಲ್ಲಿ ಅಸಲಿಗೆ ಸಲ್ಲುವ ಸುಮಾರು 2,160 ಡಾಲರ್ ನಿಜವಾದ ಖರ್ಚಲ್ಲವಾದ್ದರಿಂದ ಅದನ್ನು ಕಳೆದು, ಸವಕಳಿಯನ್ನು ಕೂಡಿಸಿದರೆ, ಮಾಲೀಕತ್ವದ ನಿಜವಾದ ವಾರ್ಷಿಕ ಖರ್ಚು 16,520 ಡಾಲರ್. ಕುಟುಂಬ ವರ್ಷಕ್ಕೆ 20 ದಿನ ಅದರಲ್ಲಿ ಪ್ರವಾಸ ಹೋಗುತ್ತದೆ ಎಂದರೆ, ಪೆಟ್ರೋಲಿನ ಖರ್ಚು ಬಿಟ್ಟೇ ದಿನಕ್ಕೆ 826 ಡಾಲರ್ ಬಿತ್ತು. ಅದೇ 20 ರಾತ್ರಿಗೆ ಬೇರೆಯವರ ವಾಹನವನ್ನು ಬಾಡಿಗೆಗೆ ತೆಗೆದುಕೊಂಡಿದ್ದರೆ, ಶುಲ್ಕ ವಿಮೆ ಎಲ್ಲ ಸೇರಿ ರಾತ್ರಿಗೆ 250 ಡಾಲರ್ ಆದರೂ, 5,000 ಡಾಲರಿನಲ್ಲಿ ಮುಗಿಯುತ್ತಿತ್ತು. ಇನ್ನೂ ಕೊಳ್ಳದವರು ಮೊದಲು ನೋಡಬೇಕಾದ ಅಂಕಿ ಇದು. ಬಾಡಿಗೆಗೆ ಕೊಟ್ಟು ತೀರಿಸಿದರಾಯಿತು ಎಂಬ ಧೈರ್ಯದಿಂದ ಕೊಳ್ಳುವುದು ಬೇರೆ, ಈಗಾಗಲೇ ಕೊಂಡಿರುವುದರ ಭಾರ ಇಳಿಸಿಕೊಳ್ಳುವುದು ಬೇರೆ.

ಬಾಡಿಗೆ ನಡೆಯುವ ರೀತಿ

ಮನೆಗಳಿಗೆ ಏರ್‌ಬಿಎನ್‌ಬಿ ಇರುವಂತೆ ಇಂಥ ವಾಹನಗಳಿಗೂ ಮಾಲೀಕರನ್ನು ಬಾಡಿಗೆದಾರರೊಂದಿಗೆ ಜೋಡಿಸುವ ಆನ್‌ಲೈನ್ ವೇದಿಕೆಗಳಿವೆ. ಅಮೆರಿಕದಲ್ಲಿ ಆರ್‌ವಿಶೇರ್, ಔಟ್‌ಡೋರ್ಸಿ, ಕೆನಡಾದಿಂದ ಬಂದ ಆರ್‌ವೀಜಿ ಹೆಸರಾದವು. ಮಾಲೀಕರು ಚಿತ್ರಗಳನ್ನು ಹಾಕಿ, ರಾತ್ರಿಗೆ ಇಷ್ಟೆಂದು ದರ ನಿಗದಿ ಮಾಡಿ, ಖಾಲಿ ಇರುವ ದಿನಗಳನ್ನು ತೋರಿಸುತ್ತಾರೆ. ವೇದಿಕೆ ಬಾಡಿಗೆದಾರರ ಲೈಸೆನ್ಸನ್ನೂ ಚಾಲನೆಯ ಇತಿಹಾಸವನ್ನೂ ಪರಿಶೀಲಿಸಿ, ಹಣ ಪಡೆದು, ತನ್ನ ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ಮಾಲೀಕರಿಗೆ ಕಳಿಸುತ್ತದೆ. ಈ ಕಮಿಷನ್ ಸಾಮಾನ್ಯವಾಗಿ ಬಾಡಿಗೆಯ ಐದರಲ್ಲೊಂದು ಪಾಲಿನಿಂದ ನಾಲ್ಕರಲ್ಲೊಂದು ಪಾಲಿನವರೆಗೆ ಇರುತ್ತದೆ. ಬಾಡಿಗೆದಾರರಿಂದಲೂ ವೇದಿಕೆ ಪ್ರತ್ಯೇಕ ಸೇವಾಶುಲ್ಕ ಪಡೆಯುತ್ತದೆ. ಮಾಲೀಕರು ಕೇಳುವ ದರಕ್ಕೂ ಬಾಡಿಗೆದಾರರ ಕಣ್ಣಿಗೆ ಕಾಣುವ ಒಟ್ಟು ಮೊತ್ತಕ್ಕೂ ಅಂತರ ದೊಡ್ಡದಿರುವುದು ಇದರಿಂದಲೇ.

ರಾತ್ರಿಯ ದರದ ಜೊತೆಗೆ ಎರಡು ಮಿತಿಗಳನ್ನು ಇಡುವ ರೂಢಿಯಿದೆ. ದಿನಕ್ಕೆ ಸುಮಾರು 100 ಮೈಲಿವರೆಗೆ ಉಚಿತ, ಅದರಾಚೆ ಪ್ರತಿ ಮೈಲಿಗೆ ಇಷ್ಟು ಸೆಂಟ್ ಎಂಬುದು ಒಂದು. ವಿದ್ಯುತ್ ಸಂಪರ್ಕವಿಲ್ಲದ ಜಾಗದಲ್ಲಿ ಚಾವಣಿಯ ಎಸಿ ಓಡಿಸಲು ಬೇಕಾಗುವ ಜನರೇಟರನ್ನು ದಿನಕ್ಕೆ ಕೆಲವು ಗಂಟೆ ಉಚಿತವಾಗಿ ಬಳಸಬಹುದು, ಹೆಚ್ಚಾದರೆ ಗಂಟೆಗೆ ಇಷ್ಟು ಎಂಬುದು ಇನ್ನೊಂದು. ಜನರೇಟರಿಗೆ ಗಂಟೆ ತೋರಿಸುವ ಮೀಟರ್ ಇರುತ್ತದೆ; ಓಡೋಮೀಟರಿನಂತೆ ಅದರ ಚಿತ್ರವನ್ನೂ ಕೊಡುವಾಗಲೊಮ್ಮೆ, ಮರಳಿ ಪಡೆಯುವಾಗಲೊಮ್ಮೆ ತೆಗೆದಿಟ್ಟುಕೊಂಡರೆ ಮುಂದಿನ ಎಷ್ಟೋ ವಾಗ್ವಾದಗಳು ಹುಟ್ಟುವುದೇ ಇಲ್ಲ.

ಬೇಡಿಕೆ ವರ್ಷವಿಡೀ ಒಂದೇ ಸಮನಿರುವುದಿಲ್ಲ. ದೇಶದ ಬಹುಭಾಗದಲ್ಲಿ ಶಾಲೆಗಳಿಗೆ ರಜೆ ಇರುವ ಜೂನ್, ಜುಲೈ, ಆಗಸ್ಟ್ ತಿಂಗಳುಗಳೇ ಸುಗ್ಗಿ. ಅರಿಜೋನಾ, ಫ್ಲಾರಿಡಾಗಳಲ್ಲಿ ಮಾತ್ರ ಉತ್ತರದ ಚಳಿಯಿಂದ ತಪ್ಪಿಸಿಕೊಂಡು ಬರುವವರಿಂದಾಗಿ ಚಳಿಗಾಲಕ್ಕೆ ಬೇಡಿಕೆ ಹೆಚ್ಚು. ನೆವಾಡದ ಬ್ಲ್ಯಾಕ್ ರಾಕ್ ಮರುಭೂಮಿಯಲ್ಲಿ ಆಗಸ್ಟ್ ಕೊನೆಗೆ ನಡೆಯುವ ಬರ್ನಿಂಗ್ ಮ್ಯಾನ್ ಉತ್ಸವಕ್ಕೆ ಒಳ್ಳೆಯ ಬಾಡಿಗೆ ಹುಟ್ಟುತ್ತದಾದರೂ ಅಲ್ಲಿನ ಕ್ಷಾರಯುಕ್ತ ಧೂಳು ಹಿಟ್ಟಿಗಿಂತ ನುಣುಪಾಗಿ ಎಸಿ, ಫ್ರಿಜ್ಜು, ಕಪಾಟಿನ ಸಂದುಗಳೆಲ್ಲಕ್ಕೂ ಇಳಿಯುತ್ತದೆ; ಲೋಹವನ್ನೂ ತಿನ್ನುತ್ತದೆ. ಆದಕಾರಣ ಅನೇಕ ಮಾಲೀಕರು ಆ ಉತ್ಸವಕ್ಕೆ ಕೊಡುವುದಿಲ್ಲವೆಂದು ಮೊದಲೇ ಬರೆದಿರುತ್ತಾರೆ, ಕೊಡುವವರು ಶುಚಿಗೊಳಿಸುವ ಶುಲ್ಕವನ್ನು ಪ್ರತ್ಯೇಕವಾಗಿಯೇ ಕೇಳುತ್ತಾರೆ.

ಕೈಗೆ ಉಳಿಯುವುದೆಷ್ಟು

ಮಾದರಿ ವಾಹನಕ್ಕೇ ಮರಳೋಣ. ರಾತ್ರಿಗೆ 175 ಡಾಲರಿನಂತೆ, ವರ್ಷದಲ್ಲಿ ತಲಾ 4 ರಾತ್ರಿಯ 10 ಬಾಡಿಗೆಗಳು, ಒಟ್ಟು 40 ರಾತ್ರಿ ಎಂದುಕೊಳ್ಳೋಣ. ಬರುವ ಬಾಡಿಗೆ 7,000 ಡಾಲರ್. ನಾಲ್ಕರಲ್ಲೊಂದು ಪಾಲು ಕಮಿಷನ್ ಹೋದರೆ 5,250. ಪ್ರತಿ ಬಾಡಿಗೆಗೂ ಅಡುಗೆ ಅನಿಲ, ತೊಳೆಯುವ ಸಾಮಗ್ರಿ ಇತ್ಯಾದಿಗೆ 40 ಡಾಲರಿನಂತೆ 400. ಮುರಿದ ಬೀಗ, ಹರಿದ ಪರದೆ, ಕೆಟ್ಟ ನಲ್ಲಿ ಇಂಥವಕ್ಕೆಂದು ರಾತ್ರಿಗೆ 15 ಡಾಲರ್ ತೆಗೆದಿಟ್ಟರೆ 600. ಬಾಡಿಗೆಯ ಕಾರಣಕ್ಕೆ ಏರಿದ ವಿಮೆಗೆ 500. ಬಾಡಿಗೆದಾರರು ಓಡಿಸಿದ 3,200 ಮೈಲಿಗಳ ಸವೆತಕ್ಕೆ ಮೈಲಿಗೆ 20 ಸೆಂಟಿನಂತೆ 640. ಇವಿಷ್ಟನ್ನೂ ಕಳೆದರೆ ಉಳಿಯುವುದು 3,110 ಡಾಲರ್.

ವರ್ಷಕ್ಕೆ ಕೈಯಿಂದ ಹೋಗುವ 12,680 ಡಾಲರಿನ ಎದುರು ಇದು ಸುಮಾರು ಕಾಲು ಭಾಗ. ಸವಕಳಿ ಸೇರಿದ ನಿಜವಾದ ಖರ್ಚಿನ ಎದುರು ಐದರಲ್ಲೊಂದು ಭಾಗಕ್ಕೂ ಸ್ವಲ್ಪ ಕಡಿಮೆ. ನಿಲುಗಡೆಯ ಬಾಡಿಗೆ ಮತ್ತು ನೋಂದಣಿ ಶುಲ್ಕ ಪೂರ್ತಿ ತೀರಿ, ವಿಮೆಯಲ್ಲೂ ಒಂದಿಷ್ಟು ಕಳೆಯಿತು ಎಂದು ನೋಡಿದರೆ ಇದು ಸಣ್ಣ ಮೊತ್ತವೇನಲ್ಲ. ಆದರೆ ಪ್ರತಿ ಬಾಡಿಗೆಗೂ ಸಂದೇಶಗಳಿಗೆ ಉತ್ತರಿಸಿ, ವಾಹನವನ್ನು ಪರಿಚಯಿಸಿಕೊಟ್ಟು, ಮರಳಿ ಪಡೆದು, ಒಳಗೆಲ್ಲ ತೊಳೆದು ಒರೆಸುವ ಹೊತ್ತಿಗೆ 8 ಗಂಟೆಯಾದರೂ ಹಿಡಿಯುತ್ತದೆ. 10 ಬಾಡಿಗೆಗೆ 80 ಗಂಟೆ, ಗಂಟೆಗೆ ಸುಮಾರು 39 ಡಾಲರ್. ಈ ಕೂಲಿ ತಮ್ಮ ವಾರಾಂತ್ಯಕ್ಕೆ ತಕ್ಕುದೇ ಎಂಬುದನ್ನು ಆಯಾ ಮನೆಯವರೇ ನಿರ್ಧರಿಸಬೇಕು.

ಹೆಚ್ಚು ರಾತ್ರಿ ಕೊಟ್ಟು ಇಡೀ ಖರ್ಚನ್ನೇ ತೀರಿಸಬಾರದೇಕೆ? ಮೇಲಿನ ಲೆಕ್ಕದಲ್ಲಿ, ಏರಿದ ವಿಮೆಯನ್ನು ಬದಿಗಿಟ್ಟರೆ, ಪ್ರತಿ ರಾತ್ರಿಗೆ ಉಳಿಯುವುದು ಸುಮಾರು 90 ಡಾಲರ್. ಆ ಹೆಚ್ಚುವರಿ ವಿಮೆಯೂ ಸೇರಿ 13,180 ಡಾಲರ್ ಹುಟ್ಟಬೇಕಾದರೆ 146 ರಾತ್ರಿ ಬಾಡಿಗೆ ಸಿಗಬೇಕು. ಜೂನ್, ಜುಲೈ, ಆಗಸ್ಟ್ ಮೂರೂ ತಿಂಗಳು ಒಂದು ರಾತ್ರಿಯೂ ಖಾಲಿ ಹೋಗದೆ ಕೊಟ್ಟರೂ ಆಗುವುದು 92 ರಾತ್ರಿ. ಉಳಿದ 54 ರಾತ್ರಿಯನ್ನು ಬೇಡಿಕೆಯಿಲ್ಲದ ತಿಂಗಳುಗಳಲ್ಲಿ ಹುಡುಕಬೇಕು. ಅಷ್ಟರಲ್ಲಿ ಮಕ್ಕಳ ರಜೆಯೂ ಮುಗಿದಿರುತ್ತದೆ, ಯಾರಿಗಾಗಿ ವಾಹನ ಕೊಂಡಿದ್ದರೋ ಅವರಿಗೆ ಅದು ಒಂದು ದಿನವೂ ಸಿಕ್ಕಿರುವುದಿಲ್ಲ.

ವಿಮೆ: ಎಲ್ಲಕ್ಕಿಂತ ಮುಖ್ಯವಾದ ಕಾಗದ

ಬಾಡಿಗೆಗೆ ಇಳಿಯುವವರು ಅತಿ ಹೆಚ್ಚು ತಪ್ಪು ತಿಳಿಯುವುದು ಇಲ್ಲಿಯೇ. ಸ್ವಂತ ಬಳಕೆಗೆಂದು ಕೊಂಡ ಮಾಮೂಲಿ ಆರ್‌ವಿ ವಿಮೆ, ವಾಹನವನ್ನು ಹಣಕ್ಕೆ ಬೇರೆಯವರಿಗೆ ಕೊಟ್ಟ ಹೊತ್ತಿನ ನಷ್ಟವನ್ನು ಸಾಮಾನ್ಯವಾಗಿ ಭರಿಸುವುದಿಲ್ಲ. ಪಾಲಿಸಿಯ ಹೊರಗಿಟ್ಟ ವಿಷಯಗಳ ಪಟ್ಟಿಯಲ್ಲಿ ಇದು ಬರೆದೇ ಇರುತ್ತದೆ. ಬಾಡಿಗೆಗೆ ಕೊಡುತ್ತಿರುವ ವಿಷಯ ತಿಳಿದ ಕೂಡಲೇ ಪಾಲಿಸಿಯನ್ನೇ ರದ್ದು ಮಾಡುವ ಕಂಪನಿಗಳೂ ಇವೆ. ಹೀಗಾಗಿ ಮೊದಲ ಫೋನ್ ಕರೆ ಹೋಗಬೇಕಾದದ್ದು ತಮ್ಮದೇ ವಿಮಾ ಕಂಪನಿಗೆ, ಉತ್ತರವನ್ನು ಬರಹದಲ್ಲಿ ಪಡೆಯಬೇಕು.

ದೊಡ್ಡ ವೇದಿಕೆಗಳು ಬಾಡಿಗೆಯ ಅವಧಿಗೆ ತಮ್ಮದೇ ವಿಮೆಯನ್ನು ಒದಗಿಸುತ್ತವೆ. ಅಪಘಾತದಲ್ಲಿ ಮೂರನೆಯವರಿಗೆ ಆದ ಹಾನಿಗೆ 10 ಲಕ್ಷ ಡಾಲರ್‌ವರೆಗೆ ಎಂದು ಅವು ಹೇಳುವುದು ಸಾಮಾನ್ಯ. ಈ ‘ವರೆಗೆ’ ಎಂಬುದರ ಹಿಂದೆ ರಾಜ್ಯದಿಂದ ರಾಜ್ಯಕ್ಕೆ, ಬಾಡಿಗೆದಾರರು ಆರಿಸಿದ ಯೋಜನೆಯಿಂದ ಯೋಜನೆಗೆ ಬದಲಾಗುವ ಷರತ್ತುಗಳಿರುತ್ತವೆ. ಇದು ಕೀಲಿ ಕೊಟ್ಟ ಗಳಿಗೆಯಿಂದ ಕೀಲಿ ಮರಳಿ ಪಡೆದ ಗಳಿಗೆಯವರೆಗೆ ಮಾತ್ರ. ಆಚೀಚೆಯ ದಿನಗಳಿಗೆ ಸ್ವಂತ ಪಾಲಿಸಿ ಬೇಕೇ ಬೇಕು. ದಿನಬಳಕೆಯ ಸವೆತಕ್ಕೆ ಯಾವ ವಿಮೆಯೂ ಹಣ ಕೊಡುವುದಿಲ್ಲ. ವೇದಿಕೆಯನ್ನು ಬಿಟ್ಟು, ಕಮಿಷನ್ ಉಳಿಸಲೆಂದು ಪರಿಚಿತರ ಪರಿಚಿತರಿಗೆ ನೇರವಾಗಿ ಬಾಡಿಗೆಗೆ ಕೊಟ್ಟರೆ ಈ ರಕ್ಷಣೆಯೂ ತಪ್ಪಿಹೋಗುತ್ತದೆ. ಸ್ನೇಹದ ಮೇಲೆ ಕೊಟ್ಟದ್ದಕ್ಕೂ ಹಣ ಪಡೆದು ಕೊಟ್ಟದ್ದಕ್ಕೂ ವಿಮೆಯ ಕಣ್ಣಿನಲ್ಲಿ ಅಜಗಜಾಂತರ.

ಬಾಡಿಗೆದಾರ ಮಾಡಿದ ಅಪಘಾತಕ್ಕೆ ಮಾಲೀಕ ಹೊಣೆಯೇ? ವಾಹನವನ್ನು ಬಾಡಿಗೆಗೆ ಕೊಡುವ ವ್ಯವಹಾರ ನಡೆಸುವವರನ್ನು, ಮಾಲೀಕರು ಎಂಬ ಒಂದೇ ಕಾರಣಕ್ಕೆ ಹೊಣೆಯಾಗಿಸಬಾರದು ಎಂದು 2005ರ ಗ್ರೇವ್ಸ್ ತಿದ್ದುಪಡಿ ಎಂಬ ಫೆಡರಲ್ ಕಾನೂನು ಹೇಳುತ್ತದೆ. ಆದರೆ ಮಾಲೀಕರ ಸ್ವಂತ ನಿರ್ಲಕ್ಷ್ಯಕ್ಕೆ ಈ ಕಾನೂನಿನ ಆಸರೆಯಿಲ್ಲ. ಹಳಸಿದ ಟೈರು ಹೆದ್ದಾರಿಯಲ್ಲಿ ಸಿಡಿದರೆ ಪ್ರಶ್ನೆ ನೇರವಾಗಿ ಮಾಲೀಕರ ಬಾಗಿಲಿಗೇ ಬರುತ್ತದೆ. ಆರ್‌ವಿಗಳ ಟೈರು ಬಹುಕಾಲ ನಿಂತಲ್ಲೇ ನಿಂತು ಬಿಸಿಲಿಗೆ ಬಿರಿಯುವುದರಿಂದ, ಪಟ್ಟೆಗಳು ಆಳವಾಗಿಯೇ ಇದ್ದರೂ ರಬ್ಬರು ಒಳಗೆ ಸತ್ತಿರಬಹುದು. ಟೈರಿನ ಪಕ್ಕದ ಗೋಡೆಯ ಮೇಲೆ ಅಚ್ಚಾದ ಸಂಕೇತದ ಕೊನೆಯ ನಾಲ್ಕು ಅಂಕಿಗಳು ಅದರ ಜನ್ಮದಿನ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. 5ರಿಂದ 7 ವರ್ಷದೊಳಗೆ ಬದಲಿಸಬೇಕೆಂಬುದು ಈ ವಾಹನಗಳನ್ನು ಬಲ್ಲವರ ಸಾಮಾನ್ಯ ಮಾತು.

ಇನ್ನೆರಡು ಕಾಗದಗಳನ್ನೂ ಇದೇ ಹೊತ್ತಿಗೆ ತೆಗೆದು ಓದಬೇಕು. ಸಾಲದ ಒಪ್ಪಂದದಲ್ಲಿ ಬಾಡಿಗೆಗೆ ಕೊಡಬಾರದೆಂಬ ಷರತ್ತು ಇರಬಹುದು. ಹೊಸ ವಾಹನವಾದರೆ, ಬಾಡಿಗೆಗೆ ಬಳಸಿದ ವಾಹನಕ್ಕೆ ವಾರಂಟಿ ಅನ್ವಯಿಸುವುದಿಲ್ಲ ಎಂದು ಅನೇಕ ತಯಾರಕರು ಬರೆದಿರುತ್ತಾರೆ.

ಕೀಲಿ ಕೈ ಬದಲಾಗುವ ದಿನ

ಬಾಡಿಗೆದಾರರಲ್ಲಿ ಬಹಳ ಜನ ಮೊದಲ ಸಲ ಇಂಥ ವಾಹನ ಮುಟ್ಟುವವರು. ಅವರಿಗೆ ಓಡಿಸುವುದಕ್ಕಿಂತ ಒಳಗಿನ ವ್ಯವಸ್ಥೆಯೇ ಹೊಸದು. ಕುಡಿಯುವ ನೀರಿಗೊಂದು, ಸಿಂಕು ಮತ್ತು ಸ್ನಾನದ ಕೊಳೆ ನೀರಿಗೊಂದು, ಶೌಚಕ್ಕೊಂದು ಹೀಗೆ ಮೂರು ತೊಟ್ಟಿಗಳಿರುತ್ತವೆ. ಶೌಚದ ತೊಟ್ಟಿಗೆ ‘ಬ್ಲ್ಯಾಕ್ ಟ್ಯಾಂಕ್’ ಎಂದೂ, ಕೊಳೆ ನೀರಿನದಕ್ಕೆ ‘ಗ್ರೇ ಟ್ಯಾಂಕ್’ ಎಂದೂ ಹೆಸರು. ಖಾಲಿ ಮಾಡುವ ಜಾಗದಲ್ಲಿ ದಪ್ಪ ಕೊಳವೆಯನ್ನು ಜೋಡಿಸಿ, ಮೊದಲು ಬ್ಲ್ಯಾಕ್ ಟ್ಯಾಂಕಿನ ಬಾಗಿಲನ್ನು, ಅದು ಬರಿದಾದ ಮೇಲೆ ಗ್ರೇ ಟ್ಯಾಂಕಿನ ಬಾಗಿಲನ್ನು ಎಳೆಯಬೇಕು. ಸೋಪು ನೀರು ಹಿಂದಿನಿಂದ ಹರಿದು ಕೊಳವೆಯನ್ನು ತೊಳೆಯುತ್ತದೆ. ಈ ಕ್ರಮ ತಪ್ಪಿದರೆ ಆಗುವ ಗಲೀಜನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ಲ್ಯಾಕ್ ಟ್ಯಾಂಕಿನ ಬಾಗಿಲನ್ನು ತೆರೆದೇ ಇಟ್ಟರೆ ದ್ರವವೆಲ್ಲ ಹರಿದುಹೋಗಿ ಗಟ್ಟಿ ಪದಾರ್ಥ ತಳದಲ್ಲಿ ಕುಳಿತುಬಿಡುತ್ತದೆ. ಆದ್ದರಿಂದ ತುಂಬುವವರೆಗೆ ಮುಚ್ಚಿಯೇ ಇರಬೇಕೆಂದು ಒತ್ತಿ ಹೇಳಬೇಕು. ಬಾಯಲ್ಲಿ ಹೇಳಿದ್ದು ಅರ್ಧ ದಾರಿಯಲ್ಲಿ ಮರೆತುಹೋಗುವುದರಿಂದ ಇವನ್ನೆಲ್ಲ ಸಣ್ಣ ವಿಡಿಯೊಗಳಾಗಿ ಮಾಡಿ ಬಾಡಿಗೆದಾರರ ಫೋನಿಗೆ ಮುಂಚಿತವಾಗಿ ಕಳಿಸುವ ಮಾಲೀಕರಿದ್ದಾರೆ. ಇದಕ್ಕಿಂತ ಉಪಯುಕ್ತವಾದ ಒಂದು ದಿನದ ಕೆಲಸ ಈ ವ್ಯವಹಾರದಲ್ಲಿ ನನಗೆ ತೋರುವುದಿಲ್ಲ.

ಇನ್ನೊಂದು ಅಪಾಯ ಎತ್ತರ. ಚಾವಣಿಯ ಎಸಿಯೂ ಸೇರಿ ‘ಸಿ’ ವರ್ಗದ ವಾಹನ 11 ಅಡಿಯ ಆಸುಪಾಸಿನಲ್ಲಿರುತ್ತದೆ. ಕಾರು ಓಡಿಸಿ ರೂಢಿಯಾದವರ ತಲೆಯಲ್ಲಿ ಎತ್ತರದ ಯೋಚನೆಯೇ ಇರುವುದಿಲ್ಲ. ನಾರ್ತ್ ಕೆರೊಲಿನಾದ ಡರ್ಹಮ್ ಊರಿನಲ್ಲಿ 11 ಅಡಿ 8 ಅಂಗುಲದ ಒಂದು ರೈಲ್ವೆ ಸೇತುವೆ, ಎಚ್ಚರಿಕೆಯ ಫಲಕ, ಮಿನುಗುವ ದೀಪಗಳೆಲ್ಲ ಇದ್ದರೂ ಅದೆಷ್ಟೋ ಬಾಡಿಗೆ ಟ್ರಕ್ಕುಗಳ ಚಾವಣಿ ಸುಲಿದು ಕುಖ್ಯಾತವಾಗಿತ್ತು. 2019ರಲ್ಲಿ ಅದನ್ನು 8 ಅಂಗುಲ ಎತ್ತರಿಸಿದರು. ವಾಹನದ ಎತ್ತರವನ್ನು ಅಡಿ ಅಂಗುಲಗಳಲ್ಲಿ ದೊಡ್ಡದಾಗಿ ಬರೆದು ಸ್ಟಿಯರಿಂಗ್ ಮುಂದೆ ಅಂಟಿಸುವುದಕ್ಕೆ ಒಂದು ಡಾಲರೂ ಬೇಕಾಗಿಲ್ಲ.

ಮರಳಿ ಬಂದಾಗ ಚಾವಣಿ ಹತ್ತಿ ನೋಡುವುದನ್ನು ಬಿಡಬಾರದು. ತಗ್ಗಿದ ಕೊಂಬೆ ತಾಗಿ, ಸಂದುಗಳನ್ನು ಮುಚ್ಚಿರುವ ಅಂಟು (ಸೀಲಂಟ್) ಕಿತ್ತಿದ್ದರೆ ಕೆಳಗಿನಿಂದ ಕಾಣುವುದಿಲ್ಲ. ಅಲ್ಲಿಂದ ಇಳಿದ ಮಳೆನೀರು ಗೋಡೆಯೊಳಗಿನ ಮರವನ್ನು ತಿಂಗಳುಗಟ್ಟಲೆ ನೆನೆಸಿ, ಗೋಡೆ ಮೆತ್ತಗಾದ ಮೇಲಷ್ಟೇ ತಿಳಿಯುತ್ತದೆ. ಅಷ್ಟು ಹೊತ್ತಿಗೆ ಹಾನಿ ಯಾವ ಬಾಡಿಗೆದಾರರ ಕಾಲದ್ದೆಂದು ತೋರಿಸಲು ಆಗುವುದಿಲ್ಲ, ಅವರ ಠೇವಣಿಯೂ ಮರಳಿಹೋಗಿರುತ್ತದೆ.

ಓಡಿಸುವ ಅಪಾಯವೇ ಬೇಡವೆನ್ನುವವರು ವಾಹನವನ್ನು ತಾವೇ ಒಯ್ದು ಕ್ಯಾಂಪಿನ ಜಾಗದಲ್ಲಿ ನಿಲ್ಲಿಸಿ, ನೀರು ವಿದ್ಯುತ್ ಜೋಡಿಸಿಕೊಟ್ಟು ಬರುತ್ತಾರೆ. ಬಾಡಿಗೆದಾರರು ಅದನ್ನು ಅಲ್ಲಿಂದ ಕದಲಿಸುವಂತಿಲ್ಲ. ಹೊಸದಾಗಿ ಬಾಡಿಗೆಗೆ ಕೊಡುವವರಿಗೆ ಈ ಕ್ರಮ ಹೆಚ್ಚು ನಿಶ್ಚಿಂತೆಯದು.

ತೆರಿಗೆ: 14 ದಿನದ ಗೆರೆ

ಮಲಗಲು, ಅಡುಗೆ ಮಾಡಲು, ಶೌಚಕ್ಕೆ ವ್ಯವಸ್ಥೆ ಇರುವ ಮೋಟರ್‌ಹೋಮನ್ನು ಅಮೆರಿಕದ ತೆರಿಗೆ ಕಾನೂನು ವಾಸದ ಮನೆಯ ಸಾಲಿಗೇ ಸೇರಿಸುತ್ತದೆ. ಅಲ್ಲಿನ ತೆರಿಗೆ ನ್ಯಾಯಾಲಯ 2014ರ ಒಂದು ಪ್ರಕರಣದಲ್ಲಿ ಇದನ್ನು ಎತ್ತಿಹಿಡಿದಿದೆ. ಈ ಕಾರಣದಿಂದ ರಜಾ ಮನೆಗಳಿಗೆ ಅನ್ವಯಿಸುವ ನಿಯಮಗಳೇ ಇಲ್ಲಿಗೂ ಬರುತ್ತವೆ. ವರ್ಷದಲ್ಲಿ ಕುಟುಂಬದ ಸ್ವಂತ ಬಳಕೆ 14 ದಿನ ಅಥವಾ ಬಾಡಿಗೆಗೆ ಕೊಟ್ಟ ದಿನಗಳ ಶೇ 10, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ದಾಟಿದರೆ ಅದು ಸ್ವಂತ ವಾಸದ ಮನೆ ಎಂದಾಗುತ್ತದೆ. ಹಾಗಾದ ವಾಹನವನ್ನು ವರ್ಷಕ್ಕೆ 15 ದಿನಕ್ಕಿಂತ ಕಡಿಮೆ ಬಾಡಿಗೆಗೆ ಕೊಟ್ಟಿದ್ದರೆ, ಬಂದ ಬಾಡಿಗೆಯನ್ನು ಫೆಡರಲ್ ತೆರಿಗೆಗೆ ತೋರಿಸಬೇಕಾಗಿಯೇ ಇಲ್ಲ. ಬಾಡಿಗೆಯ ಖರ್ಚನ್ನು ಕಳೆಯುವಂತೆಯೂ ಇಲ್ಲ.

ಬಾಡಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚಾದರೆ ಆದಾಯವನ್ನು ಘೋಷಿಸಿ, ಖರ್ಚನ್ನು ದಿನಗಳ ಲೆಕ್ಕದಲ್ಲಿ ಹಂಚಬೇಕು. ನಮ್ಮ ಮಾದರಿಯಲ್ಲಿ ಬಾಡಿಗೆ 40 ದಿನ, ಸ್ವಂತ ಬಳಕೆ 20 ದಿನ. ಹೀಗಾಗಿ ಬಡ್ಡಿ, ವಿಮೆ, ಸವಕಳಿಯಂಥ ಸಾಮಾನ್ಯ ಖರ್ಚಿನ ಮೂರರಲ್ಲಿ ಎರಡು ಪಾಲು ಬಾಡಿಗೆಯ ಲೆಕ್ಕಕ್ಕೆ ಬರುತ್ತದೆ. ಸ್ವಂತ ಬಳಕೆ ಗೆರೆ ದಾಟಿರುವುದರಿಂದ ಬಂದ ಬಾಡಿಗೆಯಷ್ಟನ್ನು ಮಾತ್ರ ಕಳೆಯಬಹುದು. ಬಾಡಿಗೆಯ ಮೇಲೆ ತೆರಿಗೆ ಇಲ್ಲದೆಯೋ ಅತಿ ಕಡಿಮೆಯಾಗಿಯೋ ಮುಗಿಯಬಹುದಾದರೂ, ನಷ್ಟ ತೋರಿಸಿ ಸಂಬಳದ ತೆರಿಗೆ ಇಳಿಸಿಕೊಳ್ಳುವ ದಾರಿ ಇಲ್ಲ. ಸವಕಳಿಯೆಂದು ಕಳೆದ ಮೊತ್ತ ಮುಂದೆ ವಾಹನ ಮಾರಿದಾಗ ಮತ್ತೆ ಲೆಕ್ಕಕ್ಕೆ ಬರುತ್ತದೆ ಎಂಬುದನ್ನೂ ನೆನಪಿಡಬೇಕು. ವೇದಿಕೆಗಳು ಪಾವತಿಯ ವಿವರವನ್ನು 1099-ಕೆ ಎಂಬ ನಮೂನೆಯಲ್ಲಿ ತೆರಿಗೆ ಇಲಾಖೆಗೆ ಕಳಿಸುತ್ತವೆ. 2025ರ ಕಾನೂನು ಇದರ ಮಿತಿಯನ್ನು ಮೊದಲಿನಂತೆ 20,000 ಡಾಲರಿಗೂ 200 ವ್ಯವಹಾರಕ್ಕೂ ಮರಳಿಸಿರುವುದರಿಂದ ಸಣ್ಣ ಮಾಲೀಕರಿಗೆ ಈ ನಮೂನೆ ಬಾರದಿರಬಹುದು. ನಮೂನೆ ಬರಲಿಲ್ಲವೆಂದು ಘೋಷಿಸುವ ಹೊಣೆ ತಪ್ಪುವುದಿಲ್ಲ. ರಾಜ್ಯಗಳ ಮಾರಾಟ ತೆರಿಗೆ ಬೇರೆಯೇ ವಿಷಯ. ಇದಕ್ಕೆ ಆಯಾ ರಾಜ್ಯದ ಲೆಕ್ಕಪರಿಶೋಧಕರನ್ನೇ ಕೇಳಬೇಕು.

ವೀಸಾದ ಮೇಲೆ ಇರುವವರಿಗೆ

ಅಮೆರಿಕದ ಕನ್ನಡಿಗರಲ್ಲಿ ಎಚ್-1ಬಿ ವೀಸಾದ ಮೇಲಿರುವವರು ಸಾವಿರಾರು. ಈ ವೀಸಾ ಇರುವುದು ಅರ್ಜಿ ಹಾಕಿ ಕರೆಸಿಕೊಂಡ ಕಂಪನಿಯ ಕೆಲಸಕ್ಕೆ ಮಾತ್ರ. ಷೇರಿನ ಲಾಭಾಂಶದಂತೆ, ಮೈಮುರಿದು ದುಡಿಯದೆ ಬರುವ ಆದಾಯಕ್ಕೆ ಅಡ್ಡಿಯಿಲ್ಲ. ಆದರೆ ಬುಕಿಂಗ್ ನೋಡಿಕೊಂಡು, ವಾಹನವನ್ನು ಕ್ಯಾಂಪಿಗೆ ಒಯ್ದು, ತೊಳೆದು, ದುರಸ್ತಿ ಮಾಡಿ ಗಳಿಸುವ ಬಾಡಿಗೆಯನ್ನು ಅನುಮತಿಯಿಲ್ಲದ ಕೆಲಸವೆಂದು ಪರಿಗಣಿಸುವ ಸಾಧ್ಯತೆ ಇದೆ. ಕೆಲಸದ ಪರವಾನಗಿ ಇಲ್ಲದ ಎಚ್-4 ವೀಸಾದ ಸಂಗಾತಿ ಇವನ್ನೆಲ್ಲ ಮಾಡಿದರೂ ಪ್ರಶ್ನೆ ಅದೇ. ಗ್ರೀನ್ ಕಾರ್ಡಿನ ಸಾಲಿನಲ್ಲಿ ವರ್ಷಗಟ್ಟಲೆ ಕಾದು ನಿಂತಿರುವ ಕುಟುಂಬ, ವರ್ಷಕ್ಕೆ ಮೂರು ಸಾವಿರ ಡಾಲರಿಗಾಗಿ ಆ ಸಾಲಿನ ಜಾಗವನ್ನು ಅಪಾಯಕ್ಕೊಡ್ಡುವುದು ಸಲ್ಲ. ವಾಹನವನ್ನು ವೇದಿಕೆಗೆ ಸೇರಿಸುವ ಮೊದಲೇ ವಲಸೆ ವಕೀಲರೊಬ್ಬರಿಗೆ ಶುಲ್ಕ ಕೊಟ್ಟು ಸ್ಪಷ್ಟ ಉತ್ತರ ಪಡೆಯಬೇಕು. ಗ್ರೀನ್ ಕಾರ್ಡ್ ಅಥವಾ ಪೌರತ್ವ ಇರುವವರಿಗೆ ಈ ತೊಡಕಿಲ್ಲ.

ಕರ್ನಾಟಕದಲ್ಲಿ ಇದೇ ಮಾಡಬಹುದೇ

ಕ್ಯಾಂಪರ್ ವ್ಯಾನುಗಳು ಇಲ್ಲಿಯೂ ಕಾಣಿಸಿಕೊಳ್ಳುತ್ತಿರುವುದರಿಂದ ಈ ಪ್ರಶ್ನೆ ಸಹಜ. ಬಿಳಿ ಫಲಕದ ಖಾಸಗಿ ವಾಹನವನ್ನು ಬಾಡಿಗೆಗೆ ಬಳಸಲು ನಮ್ಮ ಮೋಟಾರು ವಾಹನ ಕಾಯ್ದೆ ಬಿಡುವುದಿಲ್ಲ. ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಪರ್ಮಿಟ್ ಬೇಕು. ಇಲ್ಲದೆ ಓಡಿಸಿದರೆ 192ಎ ಸೆಕ್ಷನ್ ಅಡಿ ಮೊದಲ ತಪ್ಪಿಗೇ 10,000 ರೂಪಾಯಿ ದಂಡವೂ 6 ತಿಂಗಳವರೆಗಿನ ಸೆರೆಯೂ ಇದೆ. ಚಾಲಕನಿಲ್ಲದೆ ಬಾಡಿಗೆಗೆ ಕೊಡುವ ವಾಹನಗಳಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರಬೇಕು. ಅಂಥ ವ್ಯವಹಾರಕ್ಕೆ ಪರವಾನಗಿ ಕೊಡುವ 1989ರ ರೆಂಟ್ ಎ ಕ್ಯಾಬ್ ಯೋಜನೆ ಕನಿಷ್ಠ 50 ಕ್ಯಾಬುಗಳಿರುವ ಸಂಸ್ಥೆಯನ್ನು ಕೇಳುತ್ತದೆಯೇ ಹೊರತು ಒಂದು ವಾಹನವಿರುವ ಕುಟುಂಬವನ್ನಲ್ಲ. ಖಾಸಗಿ ಪಾಲಿಸಿಯ ವಾಹನ ಬಾಡಿಗೆಯ ಓಟದಲ್ಲಿದ್ದಾಗ ಅಪಘಾತವಾದರೆ ವಿಮಾ ಕಂಪನಿ ಪರಿಹಾರ ನಿರಾಕರಿಸಲು ಅದೇ ಕಾರಣವಾಗುತ್ತದೆ. ಹೀಗಾಗಿ ಅಮೆರಿಕದ ಲೆಕ್ಕವನ್ನು ಇಲ್ಲಿ ರೂಪಾಯಿಗೆ ಪರಿವರ್ತಿಸಿ ನೋಡಲು ಬರುವುದಿಲ್ಲ. ಸ್ವಂತಕ್ಕೆಂದು ಕ್ಯಾಂಪರ್ ವ್ಯಾನ್ ಮಾಡಿಸಿಕೊಳ್ಳುವವರು ಅದರ ಪೂರ್ತಿ ಖರ್ಚನ್ನು ಸ್ವಂತ ಪ್ರವಾಸದ ಖರ್ಚೆಂದೇ ಹಿಡಿದು ನಿರ್ಧರಿಸಬೇಕಾಗುತ್ತದೆ.